ಹಿಂದಿನ ಸಾಲಿನಿಂದ ಗೆರೆಯಾಚೆಗೆ: ಫುಟ್‌ಬಾಲ್ ಡಿಫೆಂಡರ್ ಕೋಚ್ ಆಗುವ ದಾರಿ

2023ರ ಜುಲೈ 4ರ ರಾತ್ರಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಮತ್ತು ಕುವೈತ್ ತಂಡಗಳು ದಕ್ಷಿಣ ಏಷ್ಯಾ ಫುಟ್‌ಬಾಲ್ ಒಕ್ಕೂಟದ (ಸ್ಯಾಫ್) ಚಾಂಪಿಯನ್‌ಷಿಪ್ ಫೈನಲ್ ಆಡಿದಾಗ ಭಾರತದ ಮುಖ್ಯ ಕೋಚ್ ಇಗೊರ್ ಸ್ಟಿಮಾಚ್ ಮೈದಾನದ ಅಂಚಿನಲ್ಲಿ ಇರಲಿಲ್ಲ. ಅದೇ ಟೂರ್ನಿಯಲ್ಲಿ ಎರಡು ಸಲ ಕೆಂಪು ಕಾರ್ಡ್ ಪಡೆದು ನಿಷೇಧಕ್ಕೆ ಒಳಗಾಗಿದ್ದ ಅವರ ಬದಲಿಗೆ ತಂಡವನ್ನು ನಡೆಸಿದವರು ಸಹಾಯಕ ಕೋಚ್, ಗೋವಾದ ಮಹೇಶ್ ಗಾವ್ಳಿ. ಮೂರು ದಿನ ಮೊದಲು ಲೆಬನಾನ್ ವಿರುದ್ಧದ ಸೆಮಿಫೈನಲ್‌ನಲ್ಲೂ ಅವರೇ ಅಲ್ಲಿ ನಿಂತಿದ್ದರು. ಹಿಂಬದಿಯ ಪ್ರಮುಖ ಆಟಗಾರ ಸಂದೇಶ್ ಝಿಂಗನ್ ಆ ಪಂದ್ಯಕ್ಕೆ ಲಭ್ಯರಿರದಿದ್ದರೂ 120 ನಿಮಿಷಗಳಲ್ಲಿ ಭಾರತ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ, ಪೆನಾಲ್ಟಿಗಳಲ್ಲಿ 4–2ರಿಂದ ಗೆದ್ದಿತು. ಫೈನಲ್ 1–1ರ ಸಮಬಲದಲ್ಲಿ ಮುಗಿದು ಮತ್ತೆ ಪೆನಾಲ್ಟಿಗಳಿಗೆ ಹೋಯಿತು, ಅಲ್ಲಿ 5–4ರಿಂದ ಕಪ್ ಭಾರತದ್ದಾಯಿತು. ಕ್ರೊಯೇಷಿಯಾ 1998ರ ವಿಶ್ವಕಪ್‌ನಲ್ಲಿ ಮೂರನೆಯ ಸ್ಥಾನ ಪಡೆದಾಗ ಅದರ ರಕ್ಷಣಾ ಸಾಲಿನಲ್ಲಿ ಆಡಿದವರು ಸ್ಟಿಮಾಚ್. ಈಸ್ಟ್ ಬೆಂಗಾಲ್ ಮತ್ತು ಡೆಂಪೊ ತಂಡಗಳ ಹಿಂಬದಿಯನ್ನು ಕಾದವರು ಗಾವ್ಳಿ. ನಿಷೇಧಕ್ಕೊಳಗಾದ ಕೋಚ್ ಕೂಡ ಡಿಫೆಂಡರ್, ಅವರ ಜಾಗಕ್ಕೆ ಬಂದವರೂ ಡಿಫೆಂಡರ್.

ವಾಸ್ಕೋದ ಬೈನಾ, ಝುವಾರಿನಗರಗಳಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ ಕಡೆಯಿಂದ ಬಂದು ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಈಗ ಗೋವಾದಲ್ಲೇ ಹುಟ್ಟಿ ಬೆಳೆದ ಮಕ್ಕಳಿದ್ದಾರೆ. ಅವರಿಗೆ ಕ್ರಿಕೆಟ್ಟಿನಷ್ಟೇ, ಹಲವರಿಗೆ ಅದಕ್ಕಿಂತಲೂ ಹೆಚ್ಚಾಗಿ, ಫುಟ್‌ಬಾಲ್ ಹತ್ತಿರದ ಆಟವಾಗಿದೆ. ಮಗ ಅಥವಾ ಮಗಳು ಸಂಜೆ ಚೆಂಡು ಹಿಡಿದು ಹೊರಟಾಗ ತಂದೆತಾಯಿ ಕೇಳುವ ಪ್ರಶ್ನೆ ಒಂದೇ: ಆಡುವ ವಯಸ್ಸು ಮುಗಿದ ಮೇಲೆ ಏನು? ಅದಕ್ಕಿರುವ ಉತ್ತರಗಳಲ್ಲಿ ಕೋಚ್ ಆಗುವುದು ಒಂದು. ಆ ಹಾದಿಯಲ್ಲಿ ಡಿಫೆಂಡರ್‌ಗಳಿಗೆ ಒಂದು ಸಹಜ ಅನುಕೂಲವಿದೆ ಎಂದು ನಾನು ನಂಬುತ್ತೇನೆ. ಆ ಅನುಕೂಲ ಎಲ್ಲಿಂದ ಹುಟ್ಟುತ್ತದೆ, ಎಲ್ಲಿಗೆ ಬಂದು ನಿಲ್ಲುತ್ತದೆ, ಅದರಾಚೆಗೆ ಆತ ಹೊಸದಾಗಿ ಏನನ್ನು ಕಲಿಯಬೇಕಾಗುತ್ತದೆ ಎಂಬುದನ್ನು ಗೋವಾ, ಮುಂಬೈ, ಪುಣೆಗಳ ಮೈದಾನಗಳಲ್ಲಿ ನಡೆದ ವೃತ್ತಿಜೀವನಗಳ ಮೂಲಕವೇ ಇಲ್ಲಿ ವಿವರಿಸುತ್ತೇನೆ.

ಮೊದಲು ಡಿಫೆಂಡರ್ ನಿಜವಾಗಿ ಮಾಡುವ ಕೆಲಸವೇನೆಂದು ನೋಡಬೇಕು. ಎದುರಾಳಿಯ ಕಾಲಿನಿಂದ ಚೆಂಡನ್ನು ಕಿತ್ತುಕೊಳ್ಳುವುದೇ ಅವನ ಕೆಲಸವೆಂದು ಹೊರಗಿನಿಂದ ನೋಡುವವರಿಗೆ ಅನಿಸುತ್ತದೆ. ಆದರೆ ತೊಂಬತ್ತು ನಿಮಿಷಗಳಲ್ಲಿ ಅಂತಹ ಕ್ಷಣಗಳು ಕೆಲವೇ ಬರುತ್ತವೆ, ಉಳಿದ ಸಮಯವೆಲ್ಲ ಎಲ್ಲಿ ನಿಲ್ಲಬೇಕೆಂಬ ಲೆಕ್ಕದಲ್ಲೇ ಹೋಗುತ್ತದೆ. ಅಂತರರಾಷ್ಟ್ರೀಯ ಪಂದ್ಯಗಳ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ ಇರುತ್ತದೆ. ನಾಲ್ವರು ಡಿಫೆಂಡರ್‌ಗಳು ಈ ಅಗಲವನ್ನು ಸಮನಾಗಿ ಹಂಚಿಕೊಂಡರೆ ತಲಾ 17 ಮೀಟರ್ ಬರುತ್ತದೆ, ಇಬ್ಬರ ನಡುವೆ ಅಷ್ಟು ದೊಡ್ಡ ಕಿಂಡಿ ಬಿಟ್ಟರೆ ಯಾವುದೇ ಒಳ್ಳೆಯ ಮುಂಪಡೆ ಆಟಗಾರ ಅದರೊಳಗೆ ನುಗ್ಗುತ್ತಾನೆ. ಅದಕ್ಕಾಗಿ ನಾಲ್ವರೂ ಹತ್ತು ಮೀಟರಿನಷ್ಟು ಅಂತರಕ್ಕೆ ಸೇರಿಕೊಂಡು ಚೆಂಡು ಇರುವ ಕಡೆಗೆ ಒಟ್ಟಾಗಿ ಸರಿಯುತ್ತಾರೆ, ದೂರದ ಅಂಚನ್ನು ಬೇಕೆಂದೇ ಖಾಲಿ ಬಿಡುತ್ತಾರೆ. ಎದುರಾಳಿ ಆ ಖಾಲಿ ಅಂಚಿಗೆ ಉದ್ದನೆಯ ಚೆಂಡನ್ನು ಕಳಿಸಿದರೆ ಅದು ಗಾಳಿಯಲ್ಲಿ ಸಾಗುವಷ್ಟರಲ್ಲಿ ನಾಲ್ವರೂ ಅತ್ತ ಸರಿದಿರಬೇಕು. ಎಷ್ಟು ಜಾಗವನ್ನು ಬಿಟ್ಟುಕೊಡಬಹುದು, ಯಾವುದನ್ನು ಏನೇ ಆದರೂ ಬಿಟ್ಟುಕೊಡಬಾರದು ಎಂಬ ಈ ನಿರ್ಧಾರವನ್ನು ಡಿಫೆಂಡರ್ ಪ್ರತಿ ಕ್ಷಣವೂ ತೆಗೆದುಕೊಳ್ಳುತ್ತಿರುತ್ತಾನೆ.

ಇದರ ಮೇಲೆ ಆಫ್‌ಸೈಡ್ ನಿಯಮದ ಲೆಕ್ಕ ಬೇರೆ ಇದೆ. ತನ್ನ ತಂಡದವನು ಚೆಂಡನ್ನು ಆಡುವ ಕ್ಷಣದಲ್ಲಿ, ಎದುರಾಳಿಯ ಅರ್ಧದಲ್ಲಿರುವ ಆಟಗಾರನು ಚೆಂಡಿಗಿಂತಲೂ ಕೊನೆಯಿಂದ ಎರಡನೆಯ ಎದುರಾಳಿಗಿಂತಲೂ ಗೋಲು ಗೆರೆಗೆ ಹತ್ತಿರವಿದ್ದರೆ ಅವನು ಆಫ್‌ಸೈಡ್ ಸ್ಥಾನದಲ್ಲಿರುತ್ತಾನೆ. ಕೊನೆಯವನು ಹೆಚ್ಚಾಗಿ ಗೋಲ್‌ಕೀಪರ್ ಆಗಿರುವುದರಿಂದ, ಎದುರಾಳಿ ಎಲ್ಲಿಯವರೆಗೆ ಮುಂದೆ ಬರಬಹುದೆಂಬ ಗೆರೆಯನ್ನು ಎಳೆಯುವವರು ಡಿಫೆಂಡರ್‌ಗಳೇ. ನಾಲ್ವರಲ್ಲಿ ಮೂವರು ಮುಂದೆ ಹೆಜ್ಜೆಯಿಟ್ಟು ಒಬ್ಬ ಹಿಂದೆ ಉಳಿದರೆ ಆ ಒಬ್ಬನ ಕಾಲೇ ಎದುರಾಳಿಗೆ ಬಾಗಿಲು ತೆರೆಯುತ್ತದೆ. ಕಾರವಾರದಿಂದ ಗೋವಾದವರೆಗಿನ ಕರಾವಳಿಯಲ್ಲಿ ರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಎರಡೂ ತುದಿಯವರು ಒಂದೇ ಲಯದಲ್ಲಿ ಎಳೆಯದಿದ್ದರೆ ಮೀನು ತಪ್ಪಿಸಿಕೊಳ್ಳುವುದು ಸಡಿಲವಾದ ಕಡೆಯಿಂದ. ಆ ಲಯವನ್ನು ಕಾಯ್ದುಕೊಳ್ಳಲು ಒಬ್ಬನು ಕೂಗಿ ಹೇಳುತ್ತಿರಬೇಕು, ಸಾಮಾನ್ಯವಾಗಿ ನಡುವಿನ ಇಬ್ಬರು ಸ್ಟಾಪರ್‌ಗಳಲ್ಲಿ ಹಿರಿಯನಾದವನು ಆ ಕೆಲಸ ಮಾಡುತ್ತಾನೆ. ಒಬ್ಬ ಸ್ಟಾಪರ್ ಚೆಂಡಿನ ಮೇಲೆ ಹೋದಾಗ ಇನ್ನೊಬ್ಬನು ಅವನ ಹಿಂದೆ ಓರೆಯಾಗಿ ನಿಂತು ಕವರ್ ಕೊಡುತ್ತಾನೆ. ಯಾರು ಹೋಗಬೇಕು, ಯಾರು ಉಳಿಯಬೇಕು ಎಂಬುದು ಅರೆಕ್ಷಣದಲ್ಲಿ ಮಾತಿನಿಂದಲೇ ತೀರ್ಮಾನವಾಗುತ್ತದೆ.

ಹೀಗೆ ಆಟವನ್ನು ಇಡಿಯಾಗಿ ಎದುರಿಗಿಟ್ಟುಕೊಂಡು ನೋಡುವ, ನೋಡಿದ್ದನ್ನು ಆ ಕ್ಷಣವೇ ಇತರರಿಗೆ ಹೇಳುವ ಅಭ್ಯಾಸ ಡಿಫೆಂಡರ್‌ಗೆ ಹದಿಹರೆಯದಿಂದಲೇ ಮೈಗೂಡುತ್ತದೆ. ಮುಂಪಡೆಯ ಆಟಗಾರ ಹೆಚ್ಚಿನ ಸಮಯ ಎದುರಾಳಿಯ ಗೋಲಿಗೆ ಬೆನ್ನು ಮಾಡಿ ಅಥವಾ ಓರೆಯಾಗಿ ನಿಂತು ಆಡುತ್ತಾನೆ. ಅವನ ಉತ್ತಮ ಕ್ಷಣಗಳು ಬಹುಪಾಲು ಸ್ವಂತ ಚಾತುರ್ಯದಿಂದ ಬಂದವುಗಳಾಗಿರುವುದರಿಂದ ಅವನ್ನು ಇನ್ನೊಬ್ಬರಿಗೆ ವಿವರಿಸಿ ಹೇಳುವುದು ಕಷ್ಟ. ಡಿಫೆಂಡರ್‌ನ ಯಶಸ್ಸು ಮಾತ್ರ ಪಕ್ಕದವನು ಸರಿಯಾದ ಜಾಗದಲ್ಲಿ ನಿಂತಿದ್ದಾನೆಯೇ ಎಂಬುದನ್ನು ಅವಲಂಬಿಸಿದೆ. ವಯಸ್ಸಾದಂತೆ ಈ ವ್ಯತ್ಯಾಸ ಇನ್ನಷ್ಟು ಸ್ಪಷ್ಟವಾಗುತ್ತದೆ. ಮೂವತ್ತು ದಾಟಿದ ಡಿಫೆಂಡರ್ ತನಗಿಂತ ಹತ್ತು ವರ್ಷ ಚಿಕ್ಕವನೊಂದಿಗೆ ಓಡಿ ಗೆಲ್ಲಲಾರ, ಆದ್ದರಿಂದ ಓಟ ಶುರುವಾಗುವ ಮೊದಲೇ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುವುದನ್ನೂ, ಪಕ್ಕದ ಕಿರಿಯನನ್ನು ಮುಂದಾಗಿಯೇ ಎಚ್ಚರಿಸುವುದನ್ನೂ ಕಲಿಯುತ್ತಾನೆ. ವೃತ್ತಿಯ ಕೊನೆಯ ಕೆಲವು ವರ್ಷಗಳಲ್ಲಿ ಅವನು ಬೂಟು ತೊಟ್ಟುಕೊಂಡೇ ಅರ್ಧ ಕೋಚ್ ಆಗಿರುತ್ತಾನೆ.

ನಮ್ಮ ದೇಶದಲ್ಲಿ ಈ ದಾರಿ ಹೊಸದಲ್ಲ. 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದ ಭಾರತ ತಂಡದ ನಾಯಕ, ಹೈದರಾಬಾದಿನ ಸೈಯದ್ ನಯೀಮುದ್ದೀನ್ ಡಿಫೆಂಡರ್ ಆಗಿದ್ದರು. ಮುಂದೆ ರಾಷ್ಟ್ರೀಯ ತಂಡದ ಕೋಚ್ ಆದರು. ಆಟಗಾರನಾಗಿ ಅರ್ಜುನ, ಕೋಚ್ ಆಗಿ ದ್ರೋಣಾಚಾರ್ಯ, ಎರಡೂ ಪ್ರಶಸ್ತಿಗಳು ಅವರಿಗೆ ಸಂದವು. ಮಿಡ್‌ಫೀಲ್ಡ್‌ನಿಂದ ಬಂದ ಒಳ್ಳೆಯ ಕೋಚ್‌ಗಳೂ ನಮ್ಮಲ್ಲಿದ್ದಾರೆ ಎಂಬುದನ್ನು ಇಲ್ಲಿಯೇ ಹೇಳಬೇಕು. 2016–17ರಲ್ಲಿ ಐಜಾಲ್ ತಂಡವನ್ನು ರಾಷ್ಟ್ರೀಯ ಕ್ಲಬ್ ಲೀಗ್ ಆದ ಐ-ಲೀಗ್‌ನ ಪ್ರಶಸ್ತಿಗೆ ಕೊಂಡೊಯ್ದ, 2025ರ ಆಗಸ್ಟ್‌ನಲ್ಲಿ ಭಾರತದ ಮುಖ್ಯ ಕೋಚ್ ಆದ ಖಾಲಿದ್ ಜಮೀಲ್ ಹಾಗೂ 2023ರಲ್ಲಿ ಒಡಿಶಾ ತಂಡಕ್ಕೆ ಸೂಪರ್ ಕಪ್ ಗೆದ್ದುಕೊಟ್ಟ ಗೋವಾದ ಕ್ಲಿಫರ್ಡ್ ಮಿರಾಂಡಾ ಇಬ್ಬರೂ ಮಿಡ್‌ಫೀಲ್ಡರ್‌ಗಳು. ಹಿಂದಿನ ಸಾಲಿನವರಿಗೆ ಅನುಕೂಲವಿದೆ ಎನ್ನುವುದನ್ನು ಅವರಿಗಷ್ಟೇ ಹಕ್ಕಿದೆ ಎಂದು ಓದಿಕೊಳ್ಳಬಾರದು.

ಗೋವಾದ ಡೆರಿಕ್ ಪೆರೇರಾ ಅವರ ವೃತ್ತಿಜೀವನವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಈ ದಾರಿಯ ಬಹುತೇಕ ಎಲ್ಲ ತಿರುವುಗಳೂ ಅದರಲ್ಲಿ ಬರುತ್ತವೆ. ಅವರು ವಾಸ್ಕೋದ ಸಾಳಗಾಂವ್ಕರ್ ತಂಡದ ಡಿಫೆಂಡರ್, ಭಾರತದ ಪರವಾಗಿಯೂ ಆಡಿದವರು. ಆ ತಂಡ 1988 ಮತ್ತು 1989ರಲ್ಲಿ ಸತತವಾಗಿ ದೇಶದ ಕ್ಲಬ್‌ಗಳ ಫೆಡರೇಷನ್ ಕಪ್ ಗೆದ್ದು, ಕೋಲ್ಕತ್ತದ ಕ್ಲಬ್‌ಗಳ ಎದುರು ಗೋವಾದ ಕ್ಲಬ್ಬೂ ನಿಲ್ಲಬಲ್ಲದೆಂದು ತೋರಿಸಿದ ಕಾಲವದು. ಆಟ ಬಿಟ್ಟ ಮೇಲೆ ಅವರು ಮುಂಬೈಗೆ ಹೋಗಿ ಮಹೀಂದ್ರ ಯುನೈಟೆಡ್ ತಂಡವನ್ನು ನಡೆಸಿದರು, 2005–06ರ ಋತುವಿನಲ್ಲಿ ಆ ತಂಡ ನ್ಯಾಷನಲ್ ಫುಟ್‌ಬಾಲ್ ಲೀಗ್ ಮತ್ತು ಫೆಡರೇಷನ್ ಕಪ್ ಎರಡನ್ನೂ ಗೆದ್ದಿತು. ಬಳಿಕ ಪುಣೆ ಎಫ್‌ಸಿಗೆ ಬಂದರು. ಬಾಲೆವಾಡಿಯಲ್ಲಿ ಆಡುತ್ತಿದ್ದ ಆ ತಂಡ ಐ-ಲೀಗ್‌ನ ತನ್ನ ಮೊದಲ ಋತುವಾದ 2009–10ರಲ್ಲಿ ಮೂರನೆಯ ಸ್ಥಾನವನ್ನೂ, 2012–13ರಲ್ಲಿ ಎರಡನೆಯ ಸ್ಥಾನವನ್ನೂ ಪಡೆಯಿತು. ಆಮೇಲೆ ತಾವು ಆಡಿದ ಸಾಳಗಾಂವ್ಕರ್‌ಗೇ ಕೋಚ್ ಆಗಿ ಮರಳಿದರು. ಅಲ್ಲಿಂದ ಮತ್ತೆ ಪುಣೆಗೆ ಬಂದು ಡಿಎಸ್‌ಕೆ ಶಿವಾಜಿಯನ್ಸ್, ಬಳಿಕ ಗೋವಾದ ಚರ್ಚಿಲ್ ಬ್ರದರ್ಸ್, ಕೊನೆಗೆ ಇಂಡಿಯನ್ ಸೂಪರ್ ಲೀಗ್‌ನ ಎಫ್‌ಸಿ ಗೋವಾ. 2021ರ ಡಿಸೆಂಬರ್‌ನಲ್ಲಿ ಎಫ್‌ಸಿ ಗೋವಾದ ಮುಖ್ಯ ಕೋಚ್ ಋತುವಿನ ನಡುವೆಯೇ ಬೇರೆ ತಂಡಕ್ಕೆ ಹೋದಾಗ ಆ ಹೊಣೆ ಪೆರೇರಾ ಅವರ ಮೇಲೆ ಬಿತ್ತು. ತಂಡ ಆ ಋತುವನ್ನು ಒಂಬತ್ತನೆಯ ಸ್ಥಾನದಲ್ಲಿ ಮುಗಿಸಿತು.

ಈ ಹೆಸರುಗಳ ಸಾಲಿನಲ್ಲಿ ಒಂದು ಕಹಿ ಸತ್ಯವಿದೆ. ಮಹೀಂದ್ರ ಯುನೈಟೆಡ್ 2010ರಲ್ಲಿ ಮುಚ್ಚಿತು. ಪುಣೆ ಎಫ್‌ಸಿ 2014–15ರ ಋತುವಿನ ಬಳಿಕ ರಾಷ್ಟ್ರೀಯ ಲೀಗ್‌ನಿಂದ ಮರೆಯಾಯಿತು. ಸಾಳಗಾಂವ್ಕರ್, ಡೆಂಪೊ, ಸ್ಪೋರ್ಟಿಂಗ್ ಕ್ಲೂಬೆ ದ ಗೋವಾ ಮೂರೂ 2016ರಲ್ಲಿ ಐ-ಲೀಗ್ ತೊರೆದವು. ಡಿಎಸ್‌ಕೆ ಶಿವಾಜಿಯನ್ಸ್ 2016–17ರ ನಂತರ ಆಡಲಿಲ್ಲ. ಒಬ್ಬ ಕೋಚ್ ಸೋತದ್ದರಿಂದ ಕೆಲಸ ಕಳೆದುಕೊಳ್ಳುವುದು ಜಗತ್ತಿನ ಎಲ್ಲ ಕಡೆಯೂ ಇರುವ ವಾಡಿಕೆ. ಅವನು ಕೆಲಸ ಮಾಡಿದ ಕ್ಲಬ್‌ಗಳೇ ಒಂದರ ಹಿಂದೊಂದು ಇಲ್ಲವಾಗುವುದು ನಮ್ಮಲ್ಲಿಯ ಪರಿಸ್ಥಿತಿ. ಕಂಪನಿಯ ಹಣದಿಂದ ನಡೆಯುವ ಕ್ಲಬ್, ಕಂಪನಿಯ ಮನಸ್ಸು ಬದಲಾದ ದಿನ ನಿಂತುಹೋಗುತ್ತದೆ. ಭಾರತೀಯ ಕೋಚ್‌ನ ವೃತ್ತಿಯನ್ನು ಅಳೆಯುವಾಗ ಗೆದ್ದ ಕಪ್‌ಗಳನ್ನಷ್ಟೇ ನೋಡದೆ, ಅವನ ಕಾಲಿನ ಕೆಳಗಿನ ನೆಲ ಎಷ್ಟು ಸಲ ಸರಿಯಿತೆಂಬುದನ್ನೂ ನೋಡಬೇಕು. ಪೆರೇರಾ ಅಂತಹವರು ಆ ಅಸ್ಥಿರತೆಯ ನಡುವೆಯೇ ಪ್ರತಿ ಸಲ ಹೊಸ ತಂಡವನ್ನು ಕಟ್ಟಿದರು ಎಂಬುದು ನನಗೆ ಅವರ ಪದಕಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಪೆರೇರಾ ಅವರ ಪೀಳಿಗೆಯವರು ಇನ್ನೊಂದು ಕಷ್ಟವನ್ನೂ ದಾಟಬೇಕಾಯಿತು. ಅವರು ಕಲಿತ ಆಟದ ನಿಯಮಗಳೇ ನಂತರ ಬದಲಾದವು. 1990ರಲ್ಲಿ ಆಫ್‌ಸೈಡ್ ನಿಯಮ ಸಡಿಲವಾಗಿ, ಕೊನೆಯಿಂದ ಎರಡನೆಯ ಎದುರಾಳಿಗೆ ಸರಿಸಮನಾಗಿ ನಿಂತ ಆಟಗಾರ ಆಫ್‌ಸೈಡ್ ಅಲ್ಲವೆಂದಾಯಿತು. ಗೆರೆ ಹಿಡಿದು ನಿಲ್ಲುವ ಡಿಫೆಂಡರ್‌ಗೆ ಇದ್ದ ಒಂದಿಷ್ಟು ರಿಯಾಯಿತಿ ಹೋಯಿತು. 1992ರಲ್ಲಿ ಬಂದ ಬದಲಾವಣೆ ಅದಕ್ಕಿಂತ ದೊಡ್ಡದು. ಅಲ್ಲಿಯವರೆಗೆ ಒತ್ತಡಕ್ಕೆ ಸಿಕ್ಕಿದ ಡಿಫೆಂಡರ್ ಚೆಂಡನ್ನು ತನ್ನ ಗೋಲ್‌ಕೀಪರ್‌ಗೆ ಹಿಂದಕ್ಕೆ ಕೊಟ್ಟರೆ ಅವನು ಅದನ್ನು ಕೈಯಲ್ಲಿ ಎತ್ತಿಕೊಳ್ಳುತ್ತಿದ್ದ, ಅಪಾಯ ಅಲ್ಲಿಗೆ ಮುಗಿಯುತ್ತಿತ್ತು. ತನ್ನ ತಂಡದವನು ಉದ್ದೇಶಪೂರ್ವಕವಾಗಿ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಮುಟ್ಟಬಾರದೆಂದು ಆ ವರ್ಷ ನಿಯಮವಾದ ಮೇಲೆ, ಡಿಫೆಂಡರ್‌ಗೂ ಗೋಲ್‌ಕೀಪರ್‌ಗೂ ಕಾಲಿನ ಕೌಶಲ ಅನಿವಾರ್ಯವಾಯಿತು. 2019ರಲ್ಲಿ ಗೋಲ್ ಕಿಕ್ ನಿಯಮವೂ ಬದಲಾಗಿ, ಚೆಂಡು ಪೆನಾಲ್ಟಿ ಪ್ರದೇಶದಿಂದ ಹೊರಬರುವವರೆಗೆ ಕಾಯದೆ ಅದರೊಳಗೇ ಡಿಫೆಂಡರ್ ಚೆಂಡು ಪಡೆಯಬಹುದಾಯಿತು. ಇಂದಿನ ತಂಡಗಳು ಗೋಲ್‌ಕೀಪರ್‌ನ ಎರಡೂ ಪಕ್ಕದಲ್ಲಿ ಸ್ಟಾಪರ್‌ಗಳನ್ನು ನಿಲ್ಲಿಸಿ, ಎದುರಾಳಿಯನ್ನು ಹತ್ತಿರಕ್ಕೆ ಸೆಳೆದು, ಅವರು ಬಿಟ್ಟುಬಂದ ಜಾಗಕ್ಕೆ ಚೆಂಡು ದಾಟಿಸುವುದು ಈ ಬದಲಾವಣೆಗಳ ಫಲ. 1980ರ ದಶಕದಲ್ಲಿ ಆಡಿದ ಡಿಫೆಂಡರ್‌ಗೆ ಆಪತ್ತು ಕಂಡೊಡನೆ ಚೆಂಡನ್ನು ದೂರಕ್ಕೆ ಒದೆಯುವುದೇ ವಿವೇಕವಾಗಿತ್ತು, ಕೋಚ್ ಆದ ಮೇಲೆ ಅದೇ ಆಪತ್ತಿನಲ್ಲಿ ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು ಯೋಚಿಸುವುದನ್ನು ಅವನು ಹದಿನೆಂಟರ ಹುಡುಗನಿಗೆ ಕಲಿಸಬೇಕು. ಸ್ವಂತ ಅನುಭವ ಇಲ್ಲಿ ನೆರವಿಗೆ ಬರುವುದಿಲ್ಲ, ಹೊಸದಾಗಿ ಓದಿ, ನೋಡಿ, ಕಲಿತು ಹೇಳಿಕೊಡಬೇಕಾಗುತ್ತದೆ. ಹಳೆಯ ಆಟಗಾರರಲ್ಲಿ ಕೆಲವರು ಒಳ್ಳೆಯ ಕೋಚ್ ಆಗಿ, ಉಳಿದವರು ಆಗದೆ ಹೋಗುವುದಕ್ಕೆ ನನ್ನ ಎಣಿಕೆಯಲ್ಲಿ ಇದೇ ಮುಖ್ಯ ಕಾರಣ.

ಬೆಂಗಳೂರಿನವರಿಗೆ ಹೆಚ್ಚು ಪರಿಚಿತವಾದ ಉದಾಹರಣೆ ಆಶ್ಲೆ ವೆಸ್ಟ್‌ವುಡ್ ಅವರದು. ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ವಿಭಾಗದಲ್ಲಿ ಬೆಳೆದು, ಇಂಗ್ಲೆಂಡಿನ ಕೆಳಗಿನ ಲೀಗ್‌ಗಳ ಹಲವು ಕ್ಲಬ್‌ಗಳಲ್ಲಿ ಸ್ಟಾಪರ್ ಆಗಿ ಆಡಿದ ಅವರು, ಆಟ ಮುಗಿದ ಮೇಲೆ ನೇರವಾಗಿ ಮುಖ್ಯ ಕೋಚ್ ಆಗಲಿಲ್ಲ. ಪೋರ್ಟ್ಸ್‌ಮತ್, ಬ್ಲ್ಯಾಕ್‌ಪೂಲ್, ಬ್ಲ್ಯಾಕ್‌ಬರ್ನ್ ಕ್ಲಬ್‌ಗಳಲ್ಲಿ ಮೈಕೆಲ್ ಆಪಲ್ಟನ್ ಅವರ ಕೈಕೆಳಗೆ ತರಬೇತಿ ಸಿಬ್ಬಂದಿಯಾಗಿ ಕೆಲಸ ಮಾಡಿ, 2013ರಲ್ಲಿ ಆಗಷ್ಟೇ ಹುಟ್ಟಿದ್ದ ಬೆಂಗಳೂರು ಎಫ್‌ಸಿಗೆ ಬಂದರು. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದರು. 2014ರ ಏಪ್ರಿಲ್ 21ರಂದು ಪ್ರಶಸ್ತಿ ಖಚಿತವಾದದ್ದು ಮಡಗಾಂವ್‌ನ ಫಾತೋರ್ಡಾ ಮೈದಾನದಲ್ಲಿ ಡೆಂಪೊ ವಿರುದ್ಧದ 4–2ರ ಗೆಲುವಿನಿಂದ. 2015ರ ಜನವರಿ 11ರಂದು ಅದೇ ಮೈದಾನದಲ್ಲಿ ಅದೇ ಡೆಂಪೊವನ್ನು 2–1ರಿಂದ ಸೋಲಿಸಿ ಫೆಡರೇಷನ್ ಕಪ್ ಪಡೆದರು, 2015–16ರಲ್ಲಿ ಮತ್ತೊಮ್ಮೆ ಐ-ಲೀಗ್ ಬಂತು. ಮುಂದೆ ಅಫ್ಗಾನಿಸ್ತಾನದ ಕೋಚ್ ಆಗಿ 2024ರ ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಭಾರತವನ್ನು 2–1ರಿಂದಲೂ, ಹಾಂಗ್‌ಕಾಂಗ್ ಕೋಚ್ ಆಗಿ 2025ರ ಜೂನ್‌ನಲ್ಲಿ 1–0ರಿಂದಲೂ ಸೋಲಿಸಿದರು. ಭಾರತೀಯ ಆಟಗಾರರ ಅಭ್ಯಾಸಗಳನ್ನು ಒಳಗಿನಿಂದ ತಿಳಿದ ಡಿಫೆಂಡರ್ ಎದುರಾಳಿಯ ಕಡೆ ನಿಂತರೆ ಎಷ್ಟು ಕಷ್ಟವಾಗುತ್ತದೆ ಎಂಬುದಕ್ಕೆ ಆ ಎರಡು ಸೋಲುಗಳೇ ಸಾಕ್ಷಿ. ಇಲ್ಲಿ ಗಮನಿಸಬೇಕಾದದ್ದು ಅವರ ಸಹಾಯಕ ವರ್ಷಗಳನ್ನು. ಆಟಗಾರ ತನ್ನ ಜಾಗದ ಕೆಲಸವನ್ನಷ್ಟೇ ಬಲ್ಲವನಾಗಿರುತ್ತಾನೆ, ಇಪ್ಪತ್ತೈದು ಜನರ ತಂಡವನ್ನು ಬೆಳಗಿನಿಂದ ರಾತ್ರಿಯವರೆಗೆ ನಡೆಸುವ ಕೆಲಸವನ್ನು ಸಹಾಯಕನಾಗಿ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಆ ಕೆಲಸದ ಸ್ವರೂಪ ಹೇಗಿರುತ್ತದೆ? ಪಂದ್ಯದ ಮರುದಿನ ಆಡಿದವರಿಗೆ ಹಗುರ ವ್ಯಾಯಾಮ, ಆಡದವರಿಗೆ ಪೂರ್ತಿ ಅಭ್ಯಾಸ. ನಂತರ ವಿಡಿಯೊ. ಮುಂದಿನ ಎದುರಾಳಿ ಚೆಂಡನ್ನು ಎಲ್ಲಿ ಕಳೆದುಕೊಳ್ಳುತ್ತದೆ, ಕಾರ್ನರ್‌ನಲ್ಲಿ ಯಾರನ್ನು ಎಲ್ಲಿ ನಿಲ್ಲಿಸುತ್ತದೆ ಎಂಬುದನ್ನು ನೋಡಿ, ನೂರು ಸಂಗತಿಗಳಲ್ಲಿ ಆಟಗಾರರಿಗೆ ಹೇಳಬೇಕಾದ ಮೂರು ನಾಲ್ಕನ್ನಷ್ಟೇ ಆರಿಸಬೇಕು. ಆಮೇಲೆ ಅವನ್ನು ಅಭ್ಯಾಸವಾಗಿ ರೂಪಿಸಬೇಕು: ನಾಲ್ವರು ಡಿಫೆಂಡರ್‌ಗಳ ಎದುರು ಆರು ಜನರನ್ನು ಬಿಟ್ಟು ಆಡಿಸಿ, ತಪ್ಪು ನಡೆದ ಕ್ಷಣದಲ್ಲಿ ಸೀಟಿ ಊದಿ ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸಿ, ಯಾರು ಎಲ್ಲಿರಬೇಕಿತ್ತೆಂದು ತೋರಿಸುವುದು. ಹೊಸ ಕೋಚ್ ಎಡವುವುದು ಹೆಚ್ಚಾಗಿ ಇಲ್ಲಿಯೇ. ಮೈದಾನದಲ್ಲಿ ಡಿಫೆಂಡರ್ ಆಗಿದ್ದಾಗ ಪಕ್ಕದವನ ತಪ್ಪನ್ನು ತನ್ನ ಕಾಲಿನಿಂದ ಸರಿಪಡಿಸಿ ಅಭ್ಯಾಸವಾಗಿರುವ ಅವನು, ಗೆರೆಯ ಹೊರಗೆ ನಿಂತಾಗಲೂ ಪ್ರತಿ ತಪ್ಪಿಗೂ ಆಟ ನಿಲ್ಲಿಸುತ್ತಾನೆ. ಆಟಗಾರರು ಯೋಚಿಸುವುದನ್ನು ಬಿಟ್ಟು ಅವನ ಕೂಗಿಗೆ ಕಾಯತೊಡಗುತ್ತಾರೆ. ಯಾವ ತಪ್ಪನ್ನು ಅವರೇ ಕಂಡುಕೊಳ್ಳಲು ಬಿಡಬೇಕೆಂಬುದು ಕೋಚ್ ವೃತ್ತಿಯ ಅತ್ಯಂತ ಸೂಕ್ಷ್ಮ ಭಾಗ. ಅದಕ್ಕಿಂತ ಕಠಿಣವಾದದ್ದು ಪಟ್ಟಿಯಿಂದ ಹೆಸರು ತೆಗೆಯುವುದು. ನಿನ್ನೆಯವರೆಗೆ ಒಂದೇ ಕೋಣೆಯಲ್ಲಿ ಬಟ್ಟೆ ಬದಲಿಸಿದ ಗೆಳೆಯನಿಗೆ ನಾಳೆ ನೀನು ಆಡುತ್ತಿಲ್ಲ ಎಂದು ಮುಖ ನೋಡಿ ಹೇಳಬೇಕು.

ಡಿಫೆಂಡರ್‌ನಿಂದ ಕೋಚ್ ಆದವರ ಮೇಲೆ ಒಂದು ಆಕ್ಷೇಪವಿದೆ: ಅವರು ಹಿಂಬದಿಯನ್ನು ಭದ್ರಪಡಿಸುತ್ತಾರೆ, ಗೋಲು ಹೊಡೆಯುವುದನ್ನು ಕಲಿಸಲಾರರು. ಇದರಲ್ಲಿ ಸ್ವಲ್ಪ ಹುರುಳಿದೆ. ಅಪಾಯವನ್ನು ಮುಂಚಿತವಾಗಿ ಕಾಣುವುದೇ ವೃತ್ತಿಯಾಗಿದ್ದವನಿಗೆ ಹಿಂದೆ ಜಾಗ ಖಾಲಿ ಬಿಟ್ಟು ಏಳೆಂಟು ಜನರನ್ನು ಮುಂದೆ ಕಳಿಸುವಾಗ ಎದೆ ಢವಗುಟ್ಟುವುದು ಸಹಜ. ಸ್ಪೇನಿನ ಕಾರ್ಲೋಸ್ ಪೆನ್ಯಾ 2018ರಿಂದ 2020ರವರೆಗೆ ಎಫ್‌ಸಿ ಗೋವಾದ ಸ್ಟಾಪರ್ ಆಗಿದ್ದರು, ದಾಳಿಯ ಆಟಕ್ಕೇ ಹೆಸರಾಗಿದ್ದ ಆ ತಂಡ 2020ರಲ್ಲಿ ಲೀಗ್ ಹಂತದ ಅಗ್ರಸ್ಥಾನಕ್ಕೆ ಸಿಗುವ ಲೀಗ್ ಶೀಲ್ಡ್ ಗೆದ್ದಾಗಲೂ ಅದರಲ್ಲಿದ್ದರು. 2022ರಲ್ಲಿ ಅದೇ ಕ್ಲಬ್ಬಿಗೆ ಮುಖ್ಯ ಕೋಚ್ ಆಗಿ ಮರಳಿದರು. ಹನ್ನೊಂದು ತಂಡಗಳ ಲೀಗ್‌ನಲ್ಲಿ ಗೋವಾ ಏಳನೆಯದಾಯಿತು, ಒಂದೇ ಋತುವಿಗೆ ಅವರ ಅವಧಿ ಮುಗಿಯಿತು. ಜನ ಪ್ರೀತಿಸಿದ ಆಟಗಾರನೆಂಬ ಹೆಸರು ಕೋಚ್‌ಗೆ ಒಂದಿಷ್ಟು ತಾಳ್ಮೆಯನ್ನು ಗಳಿಸಿಕೊಡಬಹುದು, ಅಂಕಗಳನ್ನು ಗಳಿಸಿಕೊಡಲಾರದು. ಆದರೂ ಒಂದು ಋತುವಿನ ಲೆಕ್ಕದಿಂದ ಕೋಚ್ ಒಬ್ಬರನ್ನು ತೂಗುವ ನಮ್ಮ ಆತುರವನ್ನು ನಾನು ಒಪ್ಪುವುದಿಲ್ಲ.

ದಾಳಿಯಲ್ಲೂ ಡಿಫೆಂಡರ್‌ನ ತಿಳಿವಳಿಕೆ ನೇರವಾಗಿ ಫಲ ಕೊಡುವ ಒಂದು ಜಾಗವಿದೆ. ಅದು ಕಾರ್ನರ್ ಮತ್ತು ಫ್ರೀ ಕಿಕ್. 2019ರ ಮಾರ್ಚ್ 17ರಂದು ಮುಂಬೈನ ಅಂಧೇರಿಯಲ್ಲಿ ಬೆಂಗಳೂರು ಎಫ್‌ಸಿ ಮತ್ತು ಎಫ್‌ಸಿ ಗೋವಾ ನಡುವೆ ಇಂಡಿಯನ್ ಸೂಪರ್ ಲೀಗ್ ಫೈನಲ್ ನಡೆಯಿತು. ಮುಂಬೈ, ಪುಣೆ, ಗೋವಾಗಳ ಕನ್ನಡಿಗರಿಗೆ ಅದು ಮರೆಯಲಾಗದ ಪಂದ್ಯ. ಹೆಚ್ಚುವರಿ ಸಮಯದಲ್ಲಿ ಗೋವಾದ ಅಹ್ಮದ್ ಜಾಹೂ ಕೆಂಪು ಕಾರ್ಡ್ ಪಡೆದು ಹೊರನಡೆದು ಆ ತಂಡ ಹತ್ತು ಜನರಿಗೆ ಇಳಿದಿತ್ತು. 117ನೆಯ ನಿಮಿಷದಲ್ಲಿ ದಿಮಾಸ್ ದೆಲ್ಗಾಡೊ ತೆಗೆದ ಕಾರ್ನರ್‌ಗೆ ತಲೆ ಕೊಟ್ಟು ಬೆಂಗಳೂರಿಗೆ ಪ್ರಶಸ್ತಿ ತಂದವರು ಮುಂಬೈನವರೇ ಆದ ಡಿಫೆಂಡರ್ ರಾಹುಲ್ ಭೇಕೆ. ಕಾರ್ನರ್ ರಕ್ಷಿಸುವಾಗ ತಂಡಗಳು ಒಂದೊಂದು ಜಾಗಕ್ಕೆ ಒಬ್ಬರನ್ನು ನಿಲ್ಲಿಸುತ್ತವೆ ಅಥವಾ ಎದುರಾಳಿ ಆಟಗಾರನಿಗೊಬ್ಬನಂತೆ ಬೆನ್ನು ಹತ್ತುತ್ತವೆ, ಹೆಚ್ಚಿನವು ಎರಡನ್ನೂ ಬೆರೆಸುತ್ತವೆ. ಜಾಗ ಕಾಯುವವನು ನಿಂತಲ್ಲಿಂದ ಜಿಗಿಯುತ್ತಾನೆ, ಓಡಿಬರುವವನಿಗೆ ಓಟದ ಬಲವಿರುತ್ತದೆ. ಬೆನ್ನು ಹತ್ತಿದವನನ್ನು ಇನ್ನೊಬ್ಬ ಆಟಗಾರನ ಹಿಂದೆ ಸಿಲುಕಿಸಿ ತಪ್ಪಿಸಿಕೊಳ್ಳಬಹುದು. ನೂರಾರು ಕಾರ್ನರ್‌ಗಳನ್ನು ರಕ್ಷಿಸಿ ಯಾವ ಓಟ ತನ್ನನ್ನು ಹೆಚ್ಚು ಕಾಡಿತೆಂದು ಬಲ್ಲವನು, ಕೋಚ್ ಆದಾಗ ಅದೇ ಓಟವನ್ನು ತನ್ನವರಿಗೆ ಕಲಿಸುತ್ತಾನೆ.

ಇನ್ನು ಪರವಾನಗಿಯ ವಿಷಯ. ನಮ್ಮ ದೇಶದ ಕೋಚಿಂಗ್ ವ್ಯವಸ್ಥೆಯಲ್ಲಿ ಡಿ, ಸಿ, ಬಿ, ಎ ಮತ್ತು ಪ್ರೊ ಎಂಬ ಮೆಟ್ಟಿಲುಗಳಿವೆ. ಡಿ ಮತ್ತು ಸಿ ಮಟ್ಟದಲ್ಲಿ ಮಕ್ಕಳಿಗೆ, ಹದಿಹರೆಯದವರಿಗೆ ಕಲಿಸುವ ಕ್ರಮ ಮುಖ್ಯ. ಬಿ ಮತ್ತು ಎ ಮಟ್ಟದಲ್ಲಿ ಹನ್ನೊಂದು ಜನರ ತಂಡದ ಯೋಜನೆ. ಪ್ರೊ ಮಟ್ಟದಲ್ಲಿ ವೃತ್ತಿಪರ ತಂಡದ ಪೂರ್ಣ ನಿರ್ವಹಣೆ. ಒಂದು ಮೆಟ್ಟಿಲು ಹತ್ತಿದ ಮೇಲೆ ಸ್ವಲ್ಪ ಕಾಲ ನಿಜವಾಗಿ ಕೋಚಿಂಗ್ ಮಾಡಿದವರಿಗೆ ಮಾತ್ರ ಮುಂದಿನದಕ್ಕೆ ಅವಕಾಶ. ದೇಶಕ್ಕೆ ಆಡಿದವರೂ ಈ ಪರೀಕ್ಷೆಗಳನ್ನು ದಾಟಲೇಬೇಕು. ಸೂಪರ್ ಲೀಗ್‌ನ ಮುಖ್ಯ ಕೋಚ್‌ಗೆ ಪ್ರೊ ಪರವಾನಗಿ ಅಥವಾ ಅದಕ್ಕೆ ಸಮನಾದದ್ದು ಕಡ್ಡಾಯವಾಗಿರುವುದರಿಂದ, ಆಟ ಬಿಟ್ಟ ದಿನದಿಂದ ಆ ಹುದ್ದೆಯವರೆಗಿನ ದಾರಿ ಹಲವು ವರ್ಷಗಳದ್ದಾಗುತ್ತದೆ.

ಅಷ್ಟಾದ ಮೇಲೂ ಭಾರತೀಯರಿಗೆ ಹುದ್ದೆ ಸುಲಭವಾಗಿ ಸಿಗುವುದಿಲ್ಲ. 2014ರಲ್ಲಿ ಶುರುವಾದ ಸೂಪರ್ ಲೀಗ್‌ನಲ್ಲಿ ಪೂರ್ಣಾವಧಿಯ ಮುಖ್ಯ ಕೋಚ್ ಆಗಿ ಭಾರತೀಯರೊಬ್ಬರು ನೇಮಕವಾಗಲು 2021ರವರೆಗೆ ಕಾಯಬೇಕಾಯಿತು. ನಾರ್ತ್‌ಈಸ್ಟ್ ಯುನೈಟೆಡ್ ಖಾಲಿದ್ ಜಮೀಲ್ ಅವರನ್ನು ಆ ಸ್ಥಾನಕ್ಕೆ ತಂದಿತು. ಉಳಿದ ಭಾರತೀಯರು ಬಹುಮಟ್ಟಿಗೆ ಸಹಾಯಕರಾಗಿದ್ದು, ವಿದೇಶಿ ಕೋಚ್ ಹೊರಟಾಗ ಹಂಗಾಮಿಯಾಗಿ ಮುಂದೆ ಬಂದವರು. ಮುಂಬೈನ ಡಿಫೆಂಡರ್ ನೌಶಾದ್ ಮೂಸಾ ಅವರ ಕಥೆಯೂ ಹಾಗೆಯೇ. ಬೆಂಗಳೂರು ಎಫ್‌ಸಿಯ ಮೀಸಲು ತಂಡವನ್ನು ನಡೆಸುತ್ತಿದ್ದ ಅವರಿಗೆ 2021ರ ಜನವರಿಯಲ್ಲಿ ಕಾರ್ಲೆಸ್ ಕ್ವಾದ್ರಾತ್ ನಿರ್ಗಮಿಸಿದಾಗ ಮುಖ್ಯ ತಂಡದ ಹೊಣೆ ಬಂತು. ಕೋವಿಡ್ ಕಾರಣದಿಂದ ಆ ಋತುವಿನ ಎಲ್ಲ ಪಂದ್ಯಗಳೂ ಗೋವಾದ ಫಾತೋರ್ಡಾ, ಬಾಂಬೋಳಿ ಮತ್ತು ವಾಸ್ಕೋದ ತಿಲಕ್ ಮೈದಾನದಲ್ಲಿ ಪ್ರೇಕ್ಷಕರಿಲ್ಲದೆ ನಡೆಯುತ್ತಿದ್ದವು. ಸೋಲಿನ ಸರಣಿಯಲ್ಲಿದ್ದ ತಂಡವನ್ನು ಋತುವಿನ ನಡುವೆ, ಹೋಟೆಲ್ ಮತ್ತು ಮೈದಾನ ಬಿಟ್ಟರೆ ಬೇರೆಲ್ಲೂ ಹೋಗಲಾಗದ ಕಟ್ಟುಪಾಡಿನಲ್ಲಿ ವಹಿಸಿಕೊಳ್ಳುವುದು ಯಾವ ಕೋಚ್‌ಗೂ ಬಯಸಿದ ಆರಂಭವಲ್ಲ. ಮೂಸಾ ಆ ಋತುವನ್ನು ನಡೆಸಿಕೊಟ್ಟರು, ಮುಂದೆ ಭಾರತದ 23 ವರ್ಷದೊಳಗಿನವರ ತಂಡದ ಕೋಚ್ ಆದರು. 2025ರ ಸೆಪ್ಟೆಂಬರ್‌ನಲ್ಲಿ ದೋಹಾದಲ್ಲಿ ನಡೆದ ಏಷ್ಯನ್ ಅರ್ಹತಾ ಪಂದ್ಯಗಳಲ್ಲಿ ಆ ತಂಡ ಬಹ್ರೇನನ್ನು 2–0ರಿಂದ ಸೋಲಿಸಿತು. ಹಂಗಾಮಿ ಅವಧಿಯ ಫಲಿತಾಂಶಕ್ಕಿಂತ ಮೀಸಲು ತಂಡದಲ್ಲಿ ಕಿರಿಯರೊಂದಿಗೆ ಕಳೆದ ವರ್ಷಗಳೇ ಅವರನ್ನು ಆ ಕೆಲಸಕ್ಕೆ ಸಿದ್ಧಪಡಿಸಿದವು ಎಂದು ನಾನು ಭಾವಿಸುತ್ತೇನೆ.

ಈಗ ತಂದೆತಾಯಿಯರ ಪ್ರಶ್ನೆಗೆ ಬರೋಣ. ಫುಟ್‌ಬಾಲ್ ನಮ್ಮವರ ಆಟವಲ್ಲವೆಂಬ ಮಾತನ್ನು ಮೊದಲು ಬಿಡಬೇಕು. ಮೈಸೂರು ರಾಜ್ಯ ತಂಡ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತ್ತು, 1968–69ರ ಬಳಿಕ ದೀರ್ಘ ಕಾಲ ಕಾದು ಕರ್ನಾಟಕ ಅದನ್ನು 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮತ್ತೆ ಪಡೆಯಿತು. ಗೋವಾದಲ್ಲಿ ಬೆಳೆಯುವ ಕನ್ನಡದ ಮಗುವಿಗೆ ಇನ್ನೂ ಹೆಚ್ಚಿನ ಅನುಕೂಲವಿದೆ, ಇಲ್ಲಿ ಹಳ್ಳಿಹಳ್ಳಿಗೂ ಮೈದಾನವಿದೆ, 1959ರಿಂದ ನಡೆದುಬಂದ ಗೋವಾ ಫುಟ್‌ಬಾಲ್ ಸಂಸ್ಥೆಯ ಲೀಗ್‌ಗಳಿವೆ, ಆಟ ಬಲ್ಲ ಹಿರಿಯರು ಪ್ರತಿ ಕೇರಿಯಲ್ಲೂ ಸಿಗುತ್ತಾರೆ. ಮಗುವನ್ನು ಹಿಂದಿನ ಸಾಲಿಗೆ ಹಾಕಿದರೆ ಅದನ್ನು ಕಡೆಗಣನೆಯೆಂದು ತಿಳಿದು ಬೇಸರಪಡುವ ಪೋಷಕರನ್ನು ನೋಡಿದ್ದೇನೆ. ಅವರಿಗೆ ನನ್ನ ಕೋರಿಕೆ, ಮಗು ಅಲ್ಲಿ ಮೌನವಾಗಿ ನಿಂತಿದೆಯೇ, ಬಾಯಿಬಿಟ್ಟು ಪಕ್ಕದವರನ್ನು ಕರೆಯುತ್ತಿದೆಯೇ ಎಂಬುದನ್ನು ಗಮನಿಸಿ. ಮನೆಯಲ್ಲಿ ಕನ್ನಡ, ಮೈದಾನದಲ್ಲಿ ಕೊಂಕಣಿ ಮತ್ತು ಹಿಂದಿ, ಕೋಚಿಂಗ್ ತರಗತಿಗಳಲ್ಲಿ ಇಂಗ್ಲಿಷ್ ಇರುವಾಗ ವಲಸೆ ಬಂದ ಕುಟುಂಬದ ಮಗು ಸಂಕೋಚದಿಂದ ಸುಮ್ಮನಾಗುವುದುಂಟು. ಡಿಫೆಂಡರ್‌ಗೆ ಆ ಸಂಕೋಚ ಬಹಳ ದುಬಾರಿ, ಮುಂದೆ ಕೋಚ್ ಆಗಬಯಸುವವರಿಗೆ ಇನ್ನೂ ದುಬಾರಿ. ಅದೇ ಮಗು ನಾಲ್ಕು ಭಾಷೆಗಳಲ್ಲಿ ಕೂಗಿ ಹೇಳಲು ಕಲಿತರೆ, ಮಣಿಪುರದಿಂದ ಕೇರಳದವರೆಗಿನ ಆಟಗಾರರಿರುವ ತಂಡದಲ್ಲಿ ಅದು ದೊಡ್ಡ ಬಲವಾಗುತ್ತದೆ.

ಅಕಾಡೆಮಿಗೆ ಸೇರಿಸುವ ಮೊದಲು ಶುಲ್ಕದ ಜೊತೆಗೆ ಕೆಲವು ವಿಷಯ ಕೇಳಿ ತಿಳಿಯಿರಿ: ಕಲಿಸುವವರ ಬಳಿ ಯಾವ ಮಟ್ಟದ ಪರವಾನಗಿಯಿದೆ, ಚಿಕ್ಕ ಮಕ್ಕಳನ್ನು ಒಂದೇ ಜಾಗಕ್ಕೆ ಕಟ್ಟಿಹಾಕದೆ ಎಲ್ಲ ಜಾಗಗಳಲ್ಲೂ ಆಡಿಸುತ್ತಾರೆಯೇ, ಡಿಫೆಂಡರ್‌ಗಳಿಗೂ ಕಾಲಿನಲ್ಲಿ ಚೆಂಡು ಹಿಡಿದು ಆಡುವ ಅಭ್ಯಾಸ ಕೊಡುತ್ತಾರೆಯೇ. ಹದಿನೆಂಟು ತುಂಬಿದ ಮೇಲೆ, ಇನ್ನೂ ಆಡುತ್ತಿರುವಾಗಲೇ, ಡಿ ಪರವಾನಗಿಯ ತರಗತಿಗೆ ಸೇರುವುದು ಒಳ್ಳೆಯದು; ಗಾಯವಾಗಿ ಆಟ ನಿಲ್ಲುವವರೆಗೆ ಕಾಯಬೇಕಿಲ್ಲ. ಶಾಲೆಯ ಓದನ್ನು ಬಿಡಿಸಬಾರದು, ಏಕೆಂದರೆ ಮೇಲಿನ ಮಟ್ಟದ ಪರವಾನಗಿಗಳಲ್ಲಿ ಬರೆಯುವ, ಯೋಜನೆ ರೂಪಿಸುವ, ಸಭೆಯಲ್ಲಿ ಮಂಡಿಸುವ ಕೆಲಸ ಬಹಳಷ್ಟಿದೆ. ಮುಖ್ಯ ಕೋಚ್ ಹುದ್ದೆಗಳು ದೇಶದಲ್ಲಿ ಬೆರಳೆಣಿಕೆಯಷ್ಟೇ ಇರುವುದರಿಂದ ಶಾಲೆ, ಅಕಾಡೆಮಿ, ಕಿರಿಯರ ತಂಡಗಳಲ್ಲಿ ಕಲಿಸುವ ಕೆಲಸವನ್ನೇ ಮೊದಲ ಗುರಿಯಾಗಿ ಇಟ್ಟುಕೊಳ್ಳಬೇಕು. ಅಲ್ಲಿಯ ಸಂಬಳ ಎಲ್ಲ ಕಡೆ ಒಂದೇ ಆಗಿರುವುದಿಲ್ಲ, ಹಲವು ಕಡೆ ಗುತ್ತಿಗೆ ಒಂದು ಋತುವಿನದ್ದು ಮಾತ್ರ. ಆದ್ದರಿಂದ ಮೊದಲ ಕೆಲವು ವರ್ಷ ಕೋಚಿಂಗ್ ಜೊತೆಗೆ ಇನ್ನೊಂದು ಉದ್ಯೋಗವೂ ಇರಬೇಕಾಗುತ್ತದೆ ಎಂಬುದನ್ನು ಮನೆಯವರು ಮೊದಲೇ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು.